ಮೂರೂರಿಗೆ ನಡುಮಧ್ಯದ ಮನೆ

"ಮನೆ ಹಿಡಿಯೋದಕ್ಕೂ ಒಂದು ಶಾಸ್ತ್ರ ಇದೆ ಕಣೇ ನಂಜಿ. ಇದುವರೆಗೆ ಅದನ್ನ ಯಾರೂ ಸರಿಯಾಗಿ ಉಪಯೋಗಿಸಿಲ್ಲ. ನಾನು ಉಪಯೋಗಿಸ್ತೀನಿ, ನೋಡ್ತಿರು."

ಕೆಂಪಸಿದ್ದಯ್ಯ ಹೀಗೆ ಘೋಷಿಸಿದಾಗ ಅವನ ಹೆಂಡತಿ ಶಿವನಂಜಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು. ಘೋಷಣೆಗೆ ಮರ್ಯಾದೆ ಕೊಟ್ಟು ಕೈ ನಿಲ್ಲಿಸಬಹುದಾಗಿತ್ತು, ನಿಲ್ಲಿಸಲಿಲ್ಲ. ಮದುವೆಯಾಗಿ ಹತ್ತು ವರ್ಷದಲ್ಲಿ ಅವಳು ಇಂಥ ಘೋಷಣೆಗಳನ್ನು ಬೇಕಾದಷ್ಟು ಕೇಳಿದ್ದಳು.

ಕೆಂಪಸಿದ್ದಯ್ಯ ನಾಗಮಂಗಲದ ಕಡೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ಎಂಟು ವರ್ಷ ಲೆಕ್ಕದ ಮೇಷ್ಟ್ರಾಗಿದ್ದವನು. ಯುದ್ಧ ಬಂದು ಅಕ್ಕಿ, ಸಕ್ಕರೆ, ಸೀಮೆಎಣ್ಣೆ ಎಲ್ಲವೂ ಚೀಟಿಯ ಮೇಲೆ ಸಿಗುವ ಕಾಲವಾಗಿ, ರೇಷನ್ ಡಿಪೋಗಳನ್ನು ತಪಾಸಣೆ ಮಾಡುವುದಕ್ಕೆ ಗುಮಾಸ್ತರು ಬೇಕಾದಾಗ ಅವನ ಅದೃಷ್ಟ ಖುಲಾಯಿಸಿತು. ಸೋಮವಾರ ಮಂಗಳವಾರ ಮಂಡ್ಯ, ಬುಧವಾರ ಗುರುವಾರ ಮದ್ದೂರು, ಶುಕ್ರವಾರ ಶನಿವಾರ ಮಳವಳ್ಳಿ. ಮೂರು ಊರಿನಲ್ಲೂ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಹಾಜರಿ ಪುಸ್ತಕಕ್ಕೆ ರುಜು ಹಾಕಬೇಕು. ತಡವಾದರೆ ಹೆಸರಿನ ಮುಂದೆ ಕೆಂಪು ಗೆರೆ. ಮೊದಲ ಆರು ತಿಂಗಳಲ್ಲಿ ಮೂರು ಕೆಂಪು ಗೆರೆ ಬಿದ್ದರೆ ಕೆಲಸ ಹೋಯಿತು.

ಹೋದರೆ ಮತ್ತೆ ಮೇಷ್ಟ್ರಾಗೋಣವೆಂದರೆ ಆ ಕುರ್ಚಿಯಲ್ಲಿ ಆಗಲೇ ಅವನ ಷಡ್ಡಕ ದೊಡ್ಡಸಿದ್ದಯ್ಯ ಬಂದು ಕೂತಿದ್ದ. ಕೂತವನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಚೆನ್ನಾಗಿತ್ತು. "ಓಗ್ಬುಟ್ಟು ಬಾ. ಆರು ತಿಂಗ್ಳಲ್ಲಿ ವಾಪಸ್ ಬಂದ್ರೆ ಇದೇ ಸ್ಕೂಲಲ್ಲಿ ಗಂಟೆ ಬಾರ್ಸೋ ಕೆಲ್ಸ ಕೊಡುಸ್ತೀನಿ ಕಣ್ಲಾ," ಎಂದು ಎಲ್ಲರೆದುರು ಅಂದುಬಿಟ್ಟಿದ್ದ. ಈ ಕೆಲಸ ಉಳಿಸಿಕೊಳ್ಳಲೇಬೇಕಾಗಿತ್ತು.

"ಮಂಡ್ಯದಲ್ಲೇ ಒಂದ್ ಮನೆ ಮಾಡಿ," ಎಂದಳು ಶಿವನಂಜಮ್ಮ. "ದೊಡ್ಡ ಆಪೀಸು ಅಲ್ಲದೆ, ಸಾಹೇಬ್ರು ಅಲ್ಲವ್ರೆ. ಮದ್ದೂರ್ಗೆ ರೈಲದೆ, ಮಳವಳ್ಳಿಗೆ ಬಸ್ಸದೆ. ಕೆಲ್ಸ ಎಲ್ಲದೋ ಅಲ್ಲೇ ಮನೆ ಮಾಡ್ಬೇಕು."

"ಕೆಲಸ ಮೂರು ಕಡೆ ಇದೆ. ಮಂಡ್ಯ ಮಾಡಿದ್ರೆ ಮಳವಳ್ಳಿಗೆ ಅನ್ಯಾಯ. ಮಳವಳ್ಳಿ ಮಾಡಿದ್ರೆ ಮಂಡ್ಯಕ್ಕೆ ಅನ್ಯಾಯ. ಮೂರಕ್ಕೂ ನ್ಯಾಯ ಒದಗಿಸ್ಬೇಕು."

"ಊರ್ಗಳಿಗ್ಯಾಕೆ ನ್ಯಾಯ? ಅವೇನ್ ಕೋರ್ಟಿಗೋಗಿದ್ವಾ?"

ಇಂಥ ಪ್ರಶ್ನೆಗೆಲ್ಲ ಉತ್ತರ ಕೊಡುವ ಜಾಯಮಾನ ಅವನದಲ್ಲ. ಶಾಲೆಯ ಗೋಡೆಯಿಂದ ಜಿಲ್ಲೆಯ ನಕ್ಷೆಯನ್ನು ಒಂದು ರಾತ್ರಿಯ ಮಟ್ಟಿಗೆ ಎರವಲು ತಂದ. ನಡುಮನೆಯಲ್ಲಿ ಅದನ್ನು ಹಾಸಿ, ನಾಲ್ಕು ಮೂಲೆಗೂ ನಾಲ್ಕು ಪಾವು ಸೇರು ಹೇರಿ, ಕೈವಾರ ಹಿಡಿದು ಕೂತ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಒಂದು ತ್ರಿಕೋನದ ಮೂರು ಮೂಲೆಗಳಾದವು. ಎರಡು ತಾಸು ಗೀಚಿದ ಮೇಲೆ ಮೂರೂರಿಗೂ ಸಮಾನ ದೂರದ ಬಿಂದು ಸಿಕ್ಕಿತು. ಅದು ಒಂದು ಕೆರೆಯ ನಟ್ಟನಡುವೆ ಇತ್ತು.

ಶಿವನಂಜಮ್ಮ ಬಗ್ಗಿ ನೋಡಿದಳು. "ನಂಗೆ ಈಜು ಬರಲ್ಲ," ಎಂದು ಹೇಳಿ ಅಡುಗೆಮನೆಗೆ ಹೋದಳು.

ಶಾಸ್ತ್ರ ಅಷ್ಟಕ್ಕೆಲ್ಲ ಸೋಲುವುದುಂಟೆ? ಕೆರೆಯಿಂದ ಅರ್ಧ ಮೈಲಿ ಸರಿದರೆ ಹುಣಸೆದೊಡ್ಡಿ ಎಂಬ ಊರಿತ್ತು. ಒಂದು ದಿಬ್ಬದ ಮೇಲೆ ಮೂವತ್ತು ನಲವತ್ತು ಮನೆ. ಮೂರೂರಿನ ರಸ್ತೆಗಳೂ ಅಲ್ಲೇ ಬಂದು ಕೂಡುತ್ತಿದ್ದವು. ಮಂಡ್ಯಕ್ಕೆ ಹನ್ನೊಂದು ಮೈಲಿ, ಮದ್ದೂರಿಗೂ ಹೆಚ್ಚುಕಡಿಮೆ ಅಷ್ಟೇ, ಮಳವಳ್ಳಿಗೆ ಒಂದು ಕೂಗಳತೆ ಜಾಸ್ತಿ. ಕೆಂಪಸಿದ್ದಯ್ಯನ ಕಣ್ಣಲ್ಲಿ ಆನಂದಬಾಷ್ಪ ಬರುವುದೊಂದು ಬಾಕಿ.

ಆದರೆ ಅವನು ಬರೀ ನಕ್ಷೆ ನಂಬಿ ಮನೆ ಹಿಡಿಯುವ ಆಸಾಮಿಯಲ್ಲ. ಖುದ್ದಾಗಿ ಹೋಗಿ ಪರೀಕ್ಷೆ ಮಾಡಿದ. ಮಧ್ಯಾಹ್ನ ಎರಡು ಗಂಟೆಗೆ ಹುಣಸೆದೊಡ್ಡಿಯ ಮೂರು ದಾರಿ ಸೇರುವಲ್ಲಿ ಒಂದು ಕಲ್ಲಿನ ಮೇಲೆ ಕೂತು, ಐದು ಗಂಟೆಯವರೆಗೆ ಬರುವ ಹೋಗುವ ಬಸ್ಸುಗಳನ್ನೆಲ್ಲ ಪುಸ್ತಕದಲ್ಲಿ ಗುರುತು ಹಾಕಿಕೊಂಡ. ಮಂಡ್ಯದ ಕಡೆಗೆ ನಾಲ್ಕು, ಮದ್ದೂರಿನ ಕಡೆಗೆ ಮೂರು, ಮಳವಳ್ಳಿಗೆ ನಾಲ್ಕು. ಪೆಟ್ರೋಲಿಗೆ ಬರ ಬಂದಿರುವ ಕಾಲದಲ್ಲಿ ಮೂರು ಗಂಟೆಗೆ ಹನ್ನೊಂದು ಬಸ್ಸು! ಅವನು ಅಲ್ಲೇ ಎದ್ದು, ಖಾಲಿಯಿದ್ದ ಒಂದು ಮನೆಯ ಯಜಮಾನ ಮಾದಯ್ಯನನ್ನು ಹುಡುಕಿಕೊಂಡು ಹೋದ.

"ಯಜಮಾನ್ರೇ, ಇಲ್ಲಿ ಕೈ ತೋರಿಸಿದ್ರೆ ಬಸ್ಸು ನಿಲ್ತವಾ?"

"ನಿಲ್ದೇ ಏನ್ ಮಾಡ್ತವೆ ಸ್ವಾಮಿ? ನಾನ್ ಯಾವಾಗ್ ಓದ್ರೂ ನಿಂತವೆ," ಎಂದ ಮಾದಯ್ಯ. ಅವನು ಹೇಳಿದ್ದರಲ್ಲಿ ಒಂದು ಅಕ್ಷರ ಸುಳ್ಳಿರಲಿಲ್ಲ.

ಮನೆಗೆ ಬಂದು ಕೆಂಪಸಿದ್ದಯ್ಯ ಹನ್ನೊಂದು ಬಸ್ಸಿನ ಪಟ್ಟಿಯನ್ನು ಹೆಂಡತಿಗೆ ಓದಿ ಹೇಳಿದ. ಅಲ್ಲಿ ಬಾಗಿಲ ಮುಂದೆಯೇ ಬದನೆಕಾಯಿ, ಅವರೆಕಾಳು, ಮಣ್ಣಿನ ಮಡಕೆ, ಬಳೆ ಎಲ್ಲ ಮಾರುತ್ತಾರೆಂದೂ ಸೇರಿಸಿದ.

"ನೀವ್ ಓಗಿದ್ದು ಗುರುವಾರ ಅಲ್ವಾ? ಅವತ್ತು ಸಂತೆ ಇದ್ದಿರ್ಬೇಕು."

"ಇತ್ತು. ಅದಕ್ಕೇನೀಗ?"

"ಸಂತೆ ಅಂತ ಬಸ್ಸು ಬಂದಿರ್ತವೆ."

ಕೆಂಪಸಿದ್ದಯ್ಯ ಕನಿಕರದಿಂದ ನಕ್ಕ. "ತಿರುಗಾಮುರುಗಾ ಹೇಳ್ತಿದೀಯ. ಬಸ್ಸು ಓಡಾಡೋ ಜಾಗ ನೋಡಿ ಸಂತೆ ಸೇರುತ್ತೆ. ಸಂತೆ ನೋಡಿ ಬಸ್ಸು ಬರಲ್ಲ. ಕಾರಣ ಯಾವುದು, ಪರಿಣಾಮ ಯಾವುದು ಅಂತ ತಿಳ್ಕೋಬೇಕು."

ಜ್ಯೇಷ್ಠ ಮಾಸದಲ್ಲಿ ಒಂದು ಒಳ್ಳೆಯ ದಿನ ನೋಡಿ ಎರಡು ಎತ್ತಿನ ಗಾಡಿಯಲ್ಲಿ ಸಾಮಾನು ಸಾಗಿಸಿ, ಹಾಲುಕ್ಕಿಸಿ, ಹುಣಸೆದೊಡ್ಡಿಯಲ್ಲಿ ಒಕ್ಕಲಾದರು.

ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ ಕೆಂಪಸಿದ್ದಯ್ಯ ಕೋಟು, ರುಮಾಲು, ಛತ್ರಿ ಸಮೇತ ಮೂರು ದಾರಿ ಸೇರುವಲ್ಲಿ ನಿಂತ. ಒಂದು ನಾಯಿ ಬಂದು ನೋಡಿಕೊಂಡು ಹೋಯಿತು. ಎಂಟೂವರೆಗೆ ಮಳವಳ್ಳಿಯ ಕಡೆಯಿಂದ ಹೊಗೆ ಕಾಣಿಸಿತು. ಹೊಗೆಯ ಕೆಳಗೆ ಬಸ್ಸು. ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು, ಆ ಒಲೆಯ ಗ್ಯಾಸಿನ ಮೇಲೆ ಓಡುವ ಯುದ್ಧಕಾಲದ ಬಸ್ಸು. ಕೆಂಪಸಿದ್ದಯ್ಯ ಕೈ ತೋರಿಸಿದ. ಬಸ್ಸು ನಿಲ್ಲಲಿಲ್ಲ. ಛತ್ರಿ ತೋರಿಸಿದ, ಆಗಲೂ ನಿಲ್ಲಲಿಲ್ಲ. ಡ್ರೈವರ್ ಶಫೀವುಲ್ಲಾ ಕಿಟಕಿಯಿಂದ ತಲೆ ಹೊರಗೆ ಹಾಕಿ, ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಮುಂದೆ ಹೋದ.

ಇನ್ನೊಂದು ಬಸ್ಸು ಬರಬಹುದೆಂದು ಒಂಬತ್ತರ ತನಕ ಕಾದು, ಆಮೇಲೆ ನಡೆಯಲು ಶುರುಮಾಡಿ, ಮಂಡ್ಯದ ಕಚೇರಿ ತಲುಪಿದಾಗ ಒಂದು ಗಂಟೆಯಾಗಿತ್ತು. ಮೊದಲನೆಯ ಕೆಂಪು ಗೆರೆ ಬಿತ್ತು.

ಸಂಜೆ ಅದೇ ಬಸ್ಸು ಹತ್ತಿ ಶಫೀವುಲ್ಲಾನನ್ನು ತರಾಟೆಗೆ ತೆಗೆದುಕೊಂಡ. "ಏನ್ ಸಾಬ್ರೇ, ಮನುಷ್ಯ ನಿಂತಿರೋದು ಕಾಣಲ್ವಾ?"

"ಕಾಣ್ತದೆ ಸ್ವಾಮಿ. ದಿಬ್ಬದ ಮೇಲೆ ನಿಲ್ಸುದ್ರೆ ಈ ಗಾಡಿ ಮತ್ತೆ ಏಳಲ್ಲ. ಅದ್ಕೇ ಕೈ ಮುಗ್ದೆ. ನೀವು ದಿಬ್ಬ ಇಳ್ದು ಕೆರೆ ತಾವ ನಿಂತ್ಕಳಿ, ನಿಲ್ಸ್ತೀನಿ."

"ಗುರುವಾರ ಅಷ್ಟೊಂದು ಬಸ್ಸು ನಿಂತಿದ್ವಲ್ಲ?"

"ಗುರುವಾರ ಸಂತೆ ಜನ ನೂಕ್ತಾರೆ ಸ್ವಾಮಿ. ಮಾದಯ್ಯನೂ ಅವತ್ತೇ ಹತ್ತೋದು. ಮಿಕ್ಕಿದ್ ದಿನ ಇಲ್ಲಿ ಯಾರವ್ರೆ ನೂಕಾಕೆ? ಮಿಕ್ಕಿದ್ ದಿನ ಬಸ್ಸೂ ಇದೊಂದೇ. ಬೆಳಿಗ್ಗೆ ಮಂಡ್ಯಕ್ಕೆ, ಸಂಜೆ ಮಳವಳ್ಳಿಗೆ." ಶಫೀವುಲ್ಲಾ ಒಳ್ಳೆಯ ಮನುಷ್ಯ. ಸ್ವಲ್ಪ ತಡೆದು ಹೇಳಿದ, "ಮಂಡ್ಯದಲ್ಲಿ ನಮ್ಮ ತಂಗಿ ಅಜೀಜಾ ಮನೆ ಪಕ್ಕ ಒಂದ್ ಮನೆ ಖಾಲಿ ಅದೆ. ಬಾವಿ ಅದೆ, ಒಳ್ಳೆ ಜನ. ನೋಡ್ತೀರಾ?"

ಕೆಂಪಸಿದ್ದಯ್ಯ ಮನೆಗೆ ಬಂದು ಈ ಸಲಹೆಯನ್ನು ಹೆಂಡತಿಯ ಮುಂದೆ ಹೇಳಿ ಗೇಲಿ ಮಾಡಿದ. ಅವಳು ಗೇಲಿಯನ್ನು ಬಿಟ್ಟು ಮಿಕ್ಕಿದ್ದನ್ನು ನೆನಪಿಟ್ಟುಕೊಂಡಳು.

ಮಂಗಳವಾರ ಕೆರೆಯ ಹತ್ತಿರ ನಿಂತು ಬಸ್ಸು ಹತ್ತಿದ್ದೇನೋ ನಿಜ. ನಾಲ್ಕು ಮೈಲಿಗೆ ಒಲೆ ಆರಿತು. ಗ್ಯಾಸ್ ಏಳುವವರೆಗೆ ಒಲೆಯ ತಿದಿಯ ಹಿಡಿಯನ್ನು ಯಾರಾದರೂ ತಿರುಗಿಸುತ್ತಲೇ ಇರಬೇಕು. ಹೊತ್ತಾದೀತೆಂದು ಬೇರೆಯವರಿಗೆ ಚಿಂತೆಯಿಲ್ಲದ್ದರಿಂದ ತಿರುಗಿಸುವ ಗೌರವ ಕೆಂಪಸಿದ್ದಯ್ಯನ ಪಾಲಿಗೆ ಬಂತು. ಹತ್ತಕ್ಕೆ ಎರಡು ನಿಮಿಷವಿರುವಾಗ ಕಚೇರಿಯೊಳಕ್ಕೆ ನುಗ್ಗಿದವನನ್ನು ನೋಡಿ ಜವಾನ, "ಇದ್ದಿಲು ಹಿತ್ತಲಲ್ಲಿ ಇಳ್ಸಪ್ಪ," ಎಂದ.

ಬುಧವಾರ ಮದ್ದೂರಿಗೆ ಹೋಗಬೇಕು. ಮದ್ದೂರಿನ ಕಡೆಗೆ ಹೊಗೆಯೂ ಇಲ್ಲ, ಬಸ್ಸೂ ಇಲ್ಲ. ಬೆಲ್ಲದ ಗಾಡಿಯೊಂದು ಹೊರಟಿತ್ತು. ಉಂಡೆಗಳ ಮೇಲೆ ಕೂತು ಹೋದ. ಎತ್ತುಗಳಿಗೆ ಹಾಜರಿ ಪುಸ್ತಕದ ಭಯ ಇರಲಿಲ್ಲ. ಹನ್ನೆರಡೂವರೆಗೆ ಎರಡನೆಯ ಕೆಂಪು ಗೆರೆ ಬಿತ್ತು. ಕೋಟಿನ ಹಿಂಭಾಗಕ್ಕೆ ಮುತ್ತಿದ್ದ ಇರುವೆಗಳು ಲೆಕ್ಕಕ್ಕಿಲ್ಲ.

ಗುರುವಾರ ಮಾತ್ರ ರಾಜಠೀವಿಯಿಂದ ಹೋದ. ಬೆಳಿಗ್ಗೆಯೇ ಸಂತೆಗೆ ಜನ ಇಳಿಸಿದ ಬಸ್ಸೊಂದು ಇನ್ನಷ್ಟು ಜನ ತರಲು ಖಾಲಿಯಾಗಿ ಮದ್ದೂರಿಗೆ ವಾಪಸ್ಸು ಹೊರಟಿತ್ತು. ಸಂತೆಯವರು ನೂಕಿದರು, ಇವನು ಒಳಗೆ ಕೂತ. ಶುಕ್ರವಾರ ಶನಿವಾರ ಮಳವಳ್ಳಿಗೆ ಬೆಳಿಗ್ಗೆ ಬಸ್ಸಿಲ್ಲದ್ದರಿಂದ ಕೋಳಿ ಕೂಗುವ ಮೊದಲೇ ಎದ್ದು ನಡೆದ. ಗೆರೆಯೇನೋ ಬೀಳಲಿಲ್ಲ, ಆದರೆ ಶನಿವಾರ ಕಾಲು ಊದಿಕೊಂಡು ಚಪ್ಪಲಿಯೊಳಗೆ ಹೋಗುವುದಿಲ್ಲವೆಂದು ಹಟ ಹಿಡಿಯಿತು. ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ ರುಜು ಹಾಕಿದ.

ಅಂದು ಸಂಜೆ ಕಾಲಿಗೆ ಹರಳೆಣ್ಣೆ ತಿಕ್ಕುತ್ತಾ ಶಿವನಂಜಮ್ಮ ಶಾಂತವಾಗಿಯೇ ಹೇಳಿದಳು. "ಎರಡು ಗೆರೆ ಬಿದ್ದವೆ. ಇನ್ನೊಂದು ಬಿದ್ರೆ ದೊಡ್ಡಸಿದ್ದಯ್ಯ ಬಾವನ ಗಂಟೆನೇ ಗತಿ. ಬುಧವಾರಕ್ಕೆ ಆಷಾಢ ಉಟ್ಕತದೆ. ಆಮೇಲೆ ಒಂದ್ ತಿಂಗ್ಳು ಮನೆ ಬದ್ಲಾಯ್ಸಂಗಿಲ್ಲ. ಮಂಗಳವಾರ ಸಾಮಾನು ಎತ್ತಂಗಿಲ್ಲ. ನಾಳೆ ಗಾಡಿ ಸಿಗಲ್ಲ, ಸೋಮವಾರ ಒಂದೇ ಇರೋದು. ಮಂಡ್ಯಕ್ಕೋಗನ."

ಅವಳ ದನಿಯಲ್ಲಿ ಭಯ ಇತ್ತು. ಕೆಂಪಸಿದ್ದಯ್ಯನಿಗೂ ಭಯ ಇತ್ತು. ಆದರೆ ಭಯಕ್ಕಿಂತ ಕೈವಾರ ದೊಡ್ಡದು.

"ಸೋಮವಾರ ನೋಡು," ಎಂದ. "ನೀನು ಹೇಳಿದ್ದೇ ಸರಿ, ಸಂತೆ ಇದ್ರೆ ಬಸ್ಸು ಬರುತ್ತೆ. ಒಪ್ಕೊಂಡೆ. ಹಾಗಾದ್ರೆ ದಿನಾ ಸಂತೆ ಮಾಡಿದ್ರಾಯ್ತು."

ಶಿವನಂಜಮ್ಮ ಎಣ್ಣೆ ಬಟ್ಟಲನ್ನು ಕೆಳಗಿಟ್ಟು, ಗಂಡನ ಹಣೆ ಮುಟ್ಟಿ ನೋಡಿದಳು. ಜ್ವರ ಇರಲಿಲ್ಲ.

ಭಾನುವಾರ ಕೆಂಪಸಿದ್ದಯ್ಯ ಕುಂಟುತ್ತಾ ಕೆರೆಯ ಹತ್ತಿರ ಹೋಗಿ ಶಫೀವುಲ್ಲಾನ ಬಸ್ಸು ನಿಲ್ಲಿಸಿದ. "ಸಾಬ್ರೇ, ಸೋಮವಾರವೂ ಹುಣಸೆದೊಡ್ಡಿಲಿ ಸಂತೆ ಅಂತ ಮೂರೂರಲ್ಲೂ ಸುದ್ದಿ ಮುಟ್ಟಿಸ್ಬೇಕು."

"ಯಾರ್ ಬತ್ತಾರೆ ಸ್ವಾಮಿ? ಸೋಮವಾರ ಬೇಸಾಯದೋರ್ಗೆ ಬಿಡುವಿಲ್ಲ. ಏನಾದ್ರೂ ಸಿಗೋದಾದ್ರೆ ಬತ್ತಾರೆ."

"ಸಿಗುತ್ತೆ ಅನ್ನಿ."

"ಏನ್ ಸಿಗ್ತದೆ ಅನ್ಲಿ?"

"ಏನಾದ್ರೂ ಒಂದು ಸಿಗುತ್ತೆ ಅನ್ನಿ."

ಶಫೀವುಲ್ಲಾ ಪ್ರಾಮಾಣಿಕ. ಏನಾದರೂ ಒಂದು ಸಿಗುತ್ತದೆ ಎಂದೇ ಎಲ್ಲ ಕಡೆ ಹೇಳಿದ. ಯಾರು ಹೇಳಿದ್ದೆಂದು ಕೇಳಿದವರಿಗೆ ರೇಷನ್ ಗುಮಾಸ್ತರು ಎಂದ. ಆ ವರ್ಷ ರೇಷನ್ ಗುಮಾಸ್ತ ಏನೋ ಕೊಡುತ್ತಾನೆಂದರೆ ಅದು ಏನೆಂದು ಬಿಡಿಸಿ ಹೇಳಬೇಕಾದ ಅಗತ್ಯ ಯಾರಿಗೂ ಇರಲಿಲ್ಲ. ಮನೆಮನೆಯಲ್ಲೂ ಬುಡ್ಡಿಗೆ ಎಣ್ಣೆಯಿಲ್ಲದೆ ಕತ್ತಲೆಗೆ ಮೊದಲೇ ಉಂಡು ಮಲಗುತ್ತಿದ್ದ ಕಾಲ.

ಸೋಮವಾರ ಏಳೂವರೆಗೇ ಮೊದಲನೇ ಬಸ್ಸು ಬಂತು. ಎರಡನೆಯದು ಬಂತು. ಮೂರು, ನಾಲ್ಕು, ಅದರ ಹಿಂದೆ ಗಾಡಿಗಳು, ಗಾಡಿಗಳ ಹಿಂದೆ ನಡೆದುಬರುವವರು. ಕೆಂಪಸಿದ್ದಯ್ಯ ಕೋಟು ತೊಟ್ಟು ಜಗಲಿಯ ಮೇಲೆ ನಿಂತು ಎಣಿಸಿದ. "ನೋಡಿದ್ಯಾ ನಂಜಿ? ಈಗ ಖಾಲಿ ಬಸ್ಸು ವಾಪಸ್ ಹೋಗುತ್ತೆ, ನಾನು ಹತ್ತಿ ಒಂಬತ್ತಕ್ಕೆ ಮಂಡ್ಯ," ಎಂದು ಹೇಳಿ, ಛತ್ರಿ ಬೀಸುತ್ತಾ ಹೊರಟ.

ಇಳಿದವರ ಕೈಯಲ್ಲೆಲ್ಲ ತಗಡಿನ ಡಬ್ಬಗಳಿದ್ದದ್ದನ್ನು ಅವನು ಆಗ ಗಮನಿಸಿದ.

"ಅಗೋ, ಕೋಟಾಕಂಡಿರೋರು. ಅವ್ರೇ ಗುಮಾಸ್ತ್ರು," ಎಂದಳು ಒಬ್ಬ ಮುದುಕಿ. ಡಬ್ಬಗಳೆಲ್ಲ ಒಟ್ಟಿಗೆ ಸದ್ದು ಮಾಡುತ್ತಾ ಇವನ ಕಡೆ ತಿರುಗಿದವು.

"ಎಣ್ಣೆ ಎಲ್ಲದೆ ಸ್ವಾಮಿ?"

"ಎಂಥ ಎಣ್ಣೆ?"

"ಸೀಮೆಎಣ್ಣೆ ಕಣ್ರೀ. ನಿಡಘಟ್ಟದಿಂದ ರಾತ್ರಿಯೆಲ್ಲ ನಡ್ಕ ಬಂದಿವ್ನಿ. ಇಲ್ಲ ಅನ್ಬ್ಯಾಡಿ ಮತ್ತೆ."

ಕೆಂಪಸಿದ್ದಯ್ಯ ಬಸ್ಸಿನ ಕಡೆ ಒಂದು ಹೆಜ್ಜೆ ಇಟ್ಟ. ಜನ ನಾಲ್ಕು ಹೆಜ್ಜೆ ಇಟ್ಟರು. ಅವನು ಹಿಂದೆ ಸರಿಯುತ್ತಾ ಸರಿಯುತ್ತಾ ಮೂರು ದಾರಿ ಸೇರುವ ಕಲ್ಲಿನ ಮೇಲೆ ಹತ್ತಿ ನಿಂತ. ಸುತ್ತಲೂ ನಾನೂರು ಜನ, ನಾನೂರು ಡಬ್ಬ. ಇಲ್ಲ ಅಂದರೆ ಡಬ್ಬಗಳು ಎಲ್ಲಿಗೆ ಬಂದು ಬೀಳುತ್ತವೆಂದು ಲೆಕ್ಕ ಹಾಕುವುದಕ್ಕೆ ಕೈವಾರ ಬೇಕಾಗಿರಲಿಲ್ಲ. ಆಗ ಎಂಟು ವರ್ಷದ ಮೇಷ್ಟ್ರು ಅವನ ಗಂಟಲಿನಿಂದ ತಾನಾಗಿಯೇ ಹೊರಗೆ ಬಂದ.

"ಸಾಲಾಗಿ ನಿಂತ್ಕೊಳ್ಳಿ! ಯಾರೂ ಮಾತಾಡಕೂಡದು. ಒಬ್ಬೊಬ್ಬರಾಗಿ ಬಂದು ಹೆಸರು, ಊರು, ಮನೇಲಿ ಎಷ್ಟು ಜನ, ಎಲ್ಲ ಬರೆಸ್ಬೇಕು."

ಆಶ್ಚರ್ಯವೆಂದರೆ ಜನ ಸಾಲಾಗಿ ನಿಂತರು. ಅವನು ಬರೆಯುತ್ತಾ ಹೋದ. ಬರೆಯುವುದು ಮುಗಿದರೆ ಎಣ್ಣೆ ಕೊಡಬೇಕಾಗುತ್ತದಲ್ಲ, ಅದಕ್ಕೇ ದುಂಡಗೆ, ನಿಧಾನವಾಗಿ, ಅಜ್ಜನ ಹೆಸರನ್ನೂ ಕೇಳಿ ಬರೆದ. ಒಂಬತ್ತಾಯಿತು, ಹತ್ತಾಯಿತು. ಖಾಲಿ ಬಸ್ಸುಗಳು ಒಂದೊಂದಾಗಿ ಅವನ ಕಣ್ಣೆದುರೇ ಮಂಡ್ಯಕ್ಕೆ ಹೊರಟುಹೋದವು. ಮೂರನೆಯ ಗೆರೆ ಬಿತ್ತು ಎಂದುಕೊಂಡಾಗ ಅವನಿಗೆ ನಿಜವಾಗಿ ಅಳು ಬಂತು. ಕಣ್ಣೊರೆಸಿಕೊಂಡು, "ಮುಂದಿನವರು," ಎಂದ.

ಹತ್ತೂಮುಕ್ಕಾಲಿಗೆ ಒಂದು ಕಾರು ಬಂದು ನಿಂತಿತು. ಇಳಿದವರು ಮಂಡ್ಯದ ಕಚೇರಿಯ ಸಾಹೇಬರು. ಹತ್ತು ಗಂಟೆಗೆ ಕೆಂಪು ಶಾಯಿಯ ಲೇಖನಿ ಹಿಡಿದು ಕೆಂಪಸಿದ್ದಯ್ಯನ ಹೆಸರಿನ ಮುಂದೆ ಗೆರೆ ಎಳೆಯಲು ಕೂತಿದ್ದಾಗಲೇ, ಯಾರೋ ಹುಣಸೆದೊಡ್ಡಿಯಲ್ಲಿ ಕಳ್ಳಸಂತೆಯಲ್ಲಿ ಎಣ್ಣೆ ಮಾರುತ್ತಿದ್ದಾರೆಂದು ಸುದ್ದಿ ಬಂದು, ಲೇಖನಿ ಹಿಡಿದುಕೊಂಡೇ ಕಾರು ಹತ್ತಿದ್ದರು. ಇಲ್ಲಿ ನೋಡಿದರೆ ನಾನೂರು ಜನ ಸದ್ದಿಲ್ಲದೆ ಸಾಲಿನಲ್ಲಿದ್ದಾರೆ. ಕಲ್ಲಿನ ಮೇಲೆ ಗುಮಾಸ್ತ.

"ಕೆಂಪಸಿದ್ದಯ್ಯ? ನೀವು ನನಗಿಂತ ಮುಂಚೆ ಹೇಗೆ ಬಂದ್ರಿ?"

"ಬೆಳಿಗ್ಗೆಯಿಂದ ಇಲ್ಲೇ ಇದೀನಿ ಸಾರ್." ಇದಂತೂ ಸತ್ಯವಾಗಿತ್ತು.

ಸಾಹೇಬರು ಪಟ್ಟಿ ತಿರುವಿ ಹಾಕಿದರು. ಹೆಸರು, ಊರು, ತಲೆಗಳ ಲೆಕ್ಕ, ಅಜ್ಜಂದಿರು. ಇಷ್ಟು ಚೊಕ್ಕವಾದ ಪಟ್ಟಿಯನ್ನು ಅವರು ತಮ್ಮ ಕಚೇರಿಯಲ್ಲಿ ಕಂಡಿರಲಿಲ್ಲ. "ಇಷ್ಟೊಂದು ಜನ ಎಣ್ಣೆಗೆ ಅಂತ ಹತ್ತು ಹನ್ನೊಂದು ಮೈಲಿ ಅಲೀತಿದಾರಾ? ಛೆ," ಎಂದು, ಕಾರಿನ ಮೂತಿಯ ಮೇಲೆ ಕಾಗದವಿಟ್ಟು ಅಲ್ಲೇ ಹುಕುಂ ಬರೆದರು. ಕೆಂಪು ಶಾಯಿಯಲ್ಲೇ ಬರೆದರು. ಹುಣಸೆದೊಡ್ಡಿಗೆ ಹೊಸ ಡಿಪೋ, ಬುಧವಾರದಿಂದ ಎಣ್ಣೆ. ಕೆಂಪಸಿದ್ದಯ್ಯ ಇನ್ನು ಮೂರೂರು ಸುತ್ತಬೇಕಾಗಿಲ್ಲ, ವಾರದ ಆರು ದಿನವೂ ಇಲ್ಲೇ ಕೆಲಸ.

ಜನ ಡಬ್ಬ ಬಡಿದು ಹರ್ಷ ವ್ಯಕ್ತಪಡಿಸಿದರು. ಕೆಂಪಸಿದ್ದಯ್ಯನಿಗೆ ಕಲ್ಲು ನೆಲ ಬಿಟ್ಟು ಮೇಲೇರಿದಂತಾಯಿತು. ಮನೆ ಬಾಗಿಲಿಗೇ ಕಚೇರಿ! ಕೈವಾರ ಗೆದ್ದಿತು.

"ಡಿಪೋಗೆ ಒಂದು ಮನೆ ಬೇಕಲ್ಲ?" ಎಂದರು ಸಾಹೇಬರು.

ಸಾಲಿನಲ್ಲಿ ನಿಂತಿದ್ದ ಮಾದಯ್ಯ ಮುಂದೆ ಬಂದ. "ನಮ್ದೊಂದ್ ಮನೆ ಅದೆ ಬುದ್ಧಿ. ಈಗ್ತಾನೆ ಖಾಲಿ ಆಯ್ತು."

ಸಾಹೇಬರು ಅದನ್ನೂ ಹುಕುಮಿಗೆ ಸೇರಿಸಿ, ಕಾಗದವನ್ನು ಗುಮಾಸ್ತನ ಕೈಗಿಟ್ಟು ಕಾರು ಹತ್ತಿದರು. ಮಾದಯ್ಯನಿಗೆ ಇನ್ನೊಂದು ಮನೆ ಇರುವುದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದುಕೊಳ್ಳುತ್ತಾ ಕೆಂಪಸಿದ್ದಯ್ಯ ಹೆಂಡತಿಗೆ ವಿಜಯವಾರ್ತೆ ಹೇಳಲು ಕುಂಟು ಕಾಲಿನಲ್ಲೇ ಓಡಿದ.

ಬಾಗಿಲು ತೆರೆದಿತ್ತು. ಒಳಗೆ ಮಂಚ ಇಲ್ಲ, ಪೆಟ್ಟಿಗೆ ಇಲ್ಲ, ನಂಜಿ ಇಲ್ಲ. ಹಿಂದೆಯೇ ಪೊರಕೆ ಹಿಡಿದು ಬಂದ ಮಾದಯ್ಯ ಗುಡಿಸಲು ಶುರುಮಾಡಿದ.

"ಅಮ್ಮಾವ್ರು ಸಾಬ್ರ ಖಾಲಿ ಬಸ್ಸಿಗೆ ಸಾಮಾನೆಲ್ಲ ಏರ್ಸ್ಕಂಡು ಮಂಡ್ಯಕ್ಕೋದ್ರು ಸ್ವಾಮಿ. ನೀವು ಕಲ್ ಮೇಲೆ ನಿಂತ್ಬುಟ್ಟಿದ್ರಿ, ಕೂಗುದ್ರೂ ಕೇಳ್ಲಿಲ್ಲ. ಇವತ್ತು ಬುಟ್ರೆ ಆಷಾಢ, ಎಂಗಾದ್ರೂ ಮಾಡಿ ಯಜಮಾನ್ರ ಕೆಲ್ಸ ಉಳುಸ್ಬೇಕು ಅಂತಿದ್ರು, ಪಾಪ. ಒಸಿ ಆ ಕಡೆ ನಿಂತ್ಕಳಿ, ಕಸ ಆಯ್ತದೆ."

ಡಬ್ಬದವರನ್ನು ವಾಪಸ್ಸು ಒಯ್ದ ಕೊನೆಯ ಬಸ್ಸಿನಲ್ಲಿ ಕೆಂಪಸಿದ್ದಯ್ಯ ಸಂಜೆ ಮಂಡ್ಯ ತಲುಪಿ, ಅಜೀಜಾ ಅವರ ಮನೆ ಯಾವುದೆಂದು ಕೇಳಿಕೊಂಡು ಪಕ್ಕದ ಮನೆಗೆ ಹೋದ. ಹಾಲುಕ್ಕಿಸಿ ಆಗಿತ್ತು. ಬಾಗಿಲಿಗೆ ರಂಗೋಲಿ ಬಿದ್ದಿತ್ತು. ಶಿವನಂಜಮ್ಮ ಎರಡೂ ಕೈಯಲ್ಲಿ ಅವನ ಕೈ ಹಿಡಿದು ಒಳಗೆ ಕರೆದುಕೊಂಡಳು. ದಣಿದಿದ್ದಳು, ಆದರೆ ಮುಖ ಅರಳಿತ್ತು.

"ಕೋಪ ಮಾಡ್ಕಬ್ಯಾಡಿ. ಬಸ್ಸು ಖಾಲಿ ಓಯ್ತಿತ್ತು, ಬಂದ್ಬುಟ್ಟೆ. ಇನ್ಮೇಲೆ ನಿಮಗೆ ಗೆರೆ ಬೀಳಲ್ಲ. ಕೆಲ್ಸ ಇರೋ ತಾವೇ ಮನೆ ಆಯ್ತು."

ಕೆಂಪಸಿದ್ದಯ್ಯ ಜೇಬಿನಿಂದ ಹುಕುಂ ತೆಗೆದು, ದೀಪದ ಹತ್ತಿರ ಹಿಡಿದು, ಮೊದಲಿನಿಂದ ಕೊನೆಯವರೆಗೆ ಓದಿ ಹೇಳಿದ. ಓದಿ ಮುಗಿದ ಮೇಲೆ ಶಿವನಂಜಮ್ಮ ಬೆರಳು ಮಡಿಚಿ ಲೆಕ್ಕ ಹಾಕಿದಳು. ನಾಳೆ ಮಂಗಳವಾರ, ನಾಡಿದ್ದು ಆಷಾಢ. ಹಾಲು ಉಕ್ಕಿಸಿದ ಮನೆ ಬಿಟ್ಟು ಒಂದು ತಿಂಗಳು ಕದಲುವಂತಿರಲಿಲ್ಲ. ಹುಣಸೆದೊಡ್ಡಿಯ ಮನೆಗೆ ಬುಧವಾರ ಎಣ್ಣೆಯ ಪೀಪಾಯಿಗಳು ಒಕ್ಕಲಾಗುತ್ತವೆ.

"ಅಂದ್ರೆ ನಾಳೆಯಿಂದ ನೀವು ನಮ್ಮನೆಗೇ ಆಪೀಸಿಗೆ ಓಯ್ತೀರಿ."

"ಹೂಂ."

"ಇಲ್ಲಿಂದ ಹನ್ನೊಂದು ಮೈಲಿ."

"ಹೂಂ."

ಅವಳು ಎದ್ದು, ಒಲೆಯ ಮೇಲಿದ್ದ ಅನ್ನದ ಪಾತ್ರೆ ಇಳಿಸಿ, ಅವನಿಗೆ ಎಲೆ ಹಾಕಿದಳು.

"ಇವತ್ತು ಅನ್ನನೇ ಉಣ್ಣಿ. ಅವಸರದಲ್ಲಿ ಮುದ್ದೆ ಕೋಲು ಅಲ್ಲೇ ಅಡುಗೆಮನೆ ಮೂಲೇಲಿ ಮರ್ತು ಬಂದಿವ್ನಿ. ನಾಳೆ ಆಪೀಸಿಂದ ಬತ್ತಾ ತಕಂಬನ್ನಿ."